ಮನೆಮಾತಾದ ಮಲ್ಲ ದಾರಾಸಿಂಗ್

"ನೀನೇನು ದೊಡ್ಡ ದಾರಾಸಿಂಗನೋ?" ತೊಡೆತಟ್ಟಿ ನಿಂತ ಹುಡುಗನನ್ನು ನಮ್ಮ ಹಿರಿಯರು ಹೀಗೆ ಕೇಳುವುದುಂಟು. ಕನ್ನಡನಾಡಿನಲ್ಲೂ ಮನೆಮಾತಾದ ಈ ಹೆಸರು, 1928ರಲ್ಲಿ ಪಂಜಾಬಿನ ಧರ್ಮೂಚಕ್ ಗ್ರಾಮದಲ್ಲಿ ಜನಿಸಿದ ಮಲ್ಲನದು.

ಅವರಿಗೆ ಖ್ಯಾತಿ ತಂದುದು ಗರಡಿಯ ಕೆಮ್ಮಣ್ಣಿನ ಕುಸ್ತಿಗಿಂತ, ಹಗ್ಗ ಬಿಗಿದ ವೇದಿಕೆಯ ಮೇಲೆ ಟಿಕೀಟು ಕೊಂಡ ಪ್ರೇಕ್ಷಕರೆದುರು ನಡೆಯುತ್ತಿದ್ದ 'ಫ್ರೀಸ್ಟೈಲ್' ಕುಸ್ತಿ. ಎದುರಾಳಿ 'ಕಿಂಗ್‌ಕಾಂಗ್' ಎಂದೇ ಹೆಸರಾದ ಎಮಿಲ್ ಝಾಯಾ ಆನೆಯಂಥ ದೇಹದವರು. ಅವರನ್ನು ದಾರಾಸಿಂಗರು ತಲೆಯ ಮೇಲೆತ್ತಿ ತಿರುಗಿಸಿದ ಪ್ರಸಂಗವನ್ನು ಹಳೆಯ ಅಭಿಮಾನಿಗಳು ಇಂದಿಗೂ ಕಣ್ಣರಳಿಸಿ ಬಣ್ಣಿಸುತ್ತಾರೆ. 1962ರ 'ಕಿಂಗ್‌ಕಾಂಗ್' ಹಿಂದಿ ಚಿತ್ರಕ್ಕೆ ದಾರಾಸಿಂಗರೇ ನಾಯಕರು. 1968ರಲ್ಲಿ ಮುಂಬಯಿಯಲ್ಲಿ ಅಮೆರಿಕದ ಲೂ ಥೆಸ್ ಅವರ ಮೇಲೆ ಪಡೆದ ಜಯ ಅವರ ಕೀರ್ತಿಗೆ ಕಳಶವಿಟ್ಟಿತು.

ಇಂಥ ಪಂದ್ಯಗಳಲ್ಲಿ ಸೋಲು-ಗೆಲುವು ಮೊದಲೇ ನಿಶ್ಚಯವಾಗಿರುವುದು ಆ ವೃತ್ತಿಯ ರೂಢಿ. ಹಾಗಾದರೆ ನೋಡಿ ನಲಿದವರ ನೆನಪೆಲ್ಲ ಹುಸಿಯೇ? ಹಾಗೆನ್ನಲಾಗದು. ಫಲಿತಾಂಶವನ್ನು ಮೊದಲೇ ಗೊತ್ತುಮಾಡಬಹುದು. ಮಹಾಕಾಯವೊಂದನ್ನು ಎತ್ತುವ ತೋಳನ್ನು ದಂಡ-ಬಸ್ಕಿಗಳ ಬೆವರಿನಿಂದಲೇ ಗಳಿಸಬೇಕು. ಆ ತೋಳನ್ನು ಕಂಡು ತಾಲೀಮಿಗೆ ಇಳಿದ ತರುಣರ ಶ್ರಮವೂ ದಿಟವೇ.

1987ರಲ್ಲಿ ಆರಂಭವಾದ ದೂರದರ್ಶನದ 'ರಾಮಾಯಣ'ದಲ್ಲಿ ಅವರು ಹನುಮಂತನಾದಾಗ, ಅಜ್ಜ ಮೆಚ್ಚಿದ ಮಲ್ಲನನ್ನು ಮೊಮ್ಮಕ್ಕಳೂ ಕಂಡರು. 2012ರ ಜುಲೈ 12ರಂದು ಅವರು ಕಾಲವಾದರು. ಹೆಸರು ಮಾತಿನಲ್ಲಿ ಉಳಿಯಿತು. ಮುಂದೊಮ್ಮೆ ಮಗನನ್ನು 'ದಾರಾಸಿಂಗ' ಎಂದು ಛೇಡಿಸುವಾಗ, ಆ ಹೆಸರಿನ ಹಿಂದಿನ ಬೆವರಿನ ಕಥೆಯನ್ನೂ ಅವನಿಗೆ ಹೇಳೋಣ.