ಪಡಿಕ್ಕಲ್ ಬೆಲೆ 7.75 ಕೋಟಿನಾ, 2 ಕೋಟಿನಾ?

ಜಯನಗರ, ಬನಶಂಕರಿ ಕಡೆ ಆರ್‌ಸಿಬಿ ಫ್ಯಾನ್ಸ್ ಸೇರಿದ್ರೆ 'ಇವನನ್ನ ಕೊಟ್ಟು ಅವನನ್ನ ತರಲಿ' ಅನ್ನೋ ವಾದ ಇದ್ದೇ ಇರುತ್ತೆ. ಆ ಲೆಕ್ಕ ಹೇಗೆ ನಡೆಯುತ್ತೆ ಅಂತ ದೇವದತ್ ಪಡಿಕ್ಕಲ್ ಉದಾಹರಣೆಯಲ್ಲೇ ಹೇಳ್ತೀನಿ.

2020ರಲ್ಲಿ ಆರ್‌ಸಿಬಿ ಪರ 473 ರನ್ ಹೊಡೆದ ಈ ಬೆಂಗಳೂರು ಹುಡುಗನನ್ನ 2022ರ ಹರಾಜಿನಲ್ಲಿ ರಾಜಸ್ಥಾನ 7.75 ಕೋಟಿಗೆ ಕೊಂಡಿತು. 2023ರ ನವೆಂಬರ್‌ನಲ್ಲಿ ಲಕ್ನೋಗೆ ಕೊಟ್ಟು, ಬದಲಿಗೆ 10 ಕೋಟಿಯ ವೇಗಿ ಆವೇಶ್ ಖಾನ್‌ರನ್ನ ಪಡೀತು. ಇಬ್ಬರೂ ಹಳೇ ಬೆಲೆಯಲ್ಲೇ ತಂಡ ಬದಲಿಸಿದ್ರಿಂದ ರಾಜಸ್ಥಾನದ ಪರ್ಸ್‌ಗೆ 2.25 ಕೋಟಿ ಹೆಚ್ಚು ಹೊರೆ. ಹಾಗಂತ ಆವೇಶ್ ಅಷ್ಟು ಮೇಲು ಅಂತಲ್ಲ. ಅದು ಹಳೇ ಹರಾಜಿನ ಪೈಪೋಟಿ ಕಟ್ಟಿದ ಬೆಲೆ, ಅಷ್ಟೇ.

ಲಕ್ನೋದಲ್ಲಿ ಪಡಿಕ್ಕಲ್ 7 ಪಂದ್ಯಗಳಲ್ಲಿ ಗಳಿಸಿದ್ದು 38 ರನ್. 2024ರ ಹರಾಜಿನಲ್ಲಿ ಮೊದಲು ಯಾರೂ ಕೂಗಲೇ ಇಲ್ಲ. ಆಮೇಲೆ ಆರ್‌ಸಿಬಿ ಮೂಲಬೆಲೆ 2 ಕೋಟಿಗೆ ತಗೊಳ್ತು. 2025ರಲ್ಲಿ ಒನ್‌ಡೌನ್ ಆಡಿ, ಗಾಯವಾಗೋ ಮುಂಚೆ 10 ಪಂದ್ಯಗಳಲ್ಲಿ 247 ರನ್, ಸ್ಟ್ರೈಕ್‌ರೇಟ್ 150ಕ್ಕೂ ಮೇಲೆ. ಆ ವರ್ಷ ಕಪ್ಪೂ ನಮ್ದೇ!

ಅದಕ್ಕೇ ನನ್ನ ಪ್ರಕಾರ, ಟ್ರೇಡ್ ಸುದ್ದಿ ಬಂದಾಗ ಕೋಟಿಗಿಂತ ಮೊದಲು ನೋಡಬೇಕಾದ್ದು ಒಂದೇ: ಆ ತಂಡದಲ್ಲಿ ಅವನು ಆಡೋ ಜಾಗ ಖಾಲಿ ಇದೆಯಾ?