ಹಳ್ಳದ ರಾಡಿಯಲ್ಲಿ ಉಳಿದ ಎಣ್ಣಿ

ರಜೆಗೆ ಸೇಡಂ ಬಳಿಯ ನಮ್ಮೂರಿಗೆ ಹೋದಾಗ ಅಜ್ಜ, ಅಂದರೆ ನಮ್ಮ ದಾದಾ ಅವರನ್ನು ಕೇಳಿದೆ: ಮೊದಲು ತೊಗರಿಗೆ ಯಾವ ಎಣ್ಣಿ ಹೊಡೆಯುತ್ತಿದ್ದಿರಿ? ‘ಎಂಡೋಸಲ್ಫಾನ್’ ಎಂದರು. ಕಾಯಿಕೊರಕ ಹುಳಕ್ಕೆ ಆಗ ಅದೇ ಮದ್ದು. ಪಂಪು, ಡಬ್ಬಿ ತೊಳೆಯುತ್ತಿದ್ದುದು ಕಾಗಿಣಾ ಸೇರುವ ಹಳ್ಳದಲ್ಲಿ. ‘ಎಷ್ಟು ಮಳಿಗಾಲ ಹೋದವು, ಎಲ್ಲಾ ಹರಿದು ಹೋಗಿರ್ತದ ಬಿಡು’ ಎಂದು ನಕ್ಕರು.

ಅದು ಹಾಗೆ ಹರಿದು ಹೋಗುವ ವಸ್ತುವಲ್ಲ. ಒಂದು ಲೀಟರ್ ನೀರಿನಲ್ಲಿ ಸುಮಾರು 0.3 ಮಿಲಿಗ್ರಾಂ ಮಾತ್ರ ಕರಗುತ್ತದೆ. ಉಳಿದದ್ದು ಜೇಡಿಮಣ್ಣಿನ ಕಣಕ್ಕೆ ಅಂಟಿ ತಳದ ರಾಡಿಯಲ್ಲಿ ಕೂರುತ್ತದೆ. ಕಾಸರಗೋಡಿನ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಇದನ್ನೇ ಸಿಂಪಡಿಸಿದರು. ಎಣ್ಮಕಜೆಯಂತಹ ಊರುಗಳ ಮಕ್ಕಳ ಸ್ಥಿತಿ ಕಂಡು ಹೋರಾಟ ನಡೆಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಇದನ್ನು ತಡೆಯಿತು.

ಇದನ್ನು ಒಡೆಯುವ ಬ್ಯಾಕ್ಟೀರಿಯಾಗಳು ಮಣ್ಣಿನಲ್ಲೇ ಇವೆ. ಅಣುವಿನಲ್ಲಿ ಆರು ಕ್ಲೋರಿನ್, ಒಂದು ಗಂಧಕ. ಆಸ್ಟ್ರೇಲಿಯಾದ ವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಹಿಡಿಸಿತು. ಮಣ್ಣಿನ ಬ್ಯಾಕ್ಟೀರಿಯಾಗಳಿಗೆ ಬೇರೆಲ್ಲ ಆಹಾರ ಕೊಟ್ಟರು, ಗಂಧಕ ಮಾತ್ರ ಕೊಡಲಿಲ್ಲ. ಅದು ಬೇಕಾದರೆ ಎಂಡೋಸಲ್ಫಾನಿನಿಂದಲೇ ಕಿತ್ತುಕೊಳ್ಳಬೇಕು. ಹಸಿದವರು ಕಟಕ ರೊಟ್ಟಿಯನ್ನೂ ಬಿಡುವುದಿಲ್ಲವಲ್ಲ! ಗಂಧಕ ಹೋದ ಮೇಲೆ ವಿಷದ ಬಲವೂ ಇಳಿಯುತ್ತದೆ.

ಮೋಸ ಇರುವುದು ಇನ್ನೊಂದು ದಾರಿಯಲ್ಲಿ. ಕೆಲವು ಸೂಕ್ಷ್ಮಜೀವಿಗಳು ಗಂಧಕವನ್ನು ತೆಗೆಯದೆ ಅದಕ್ಕೆ ಆಕ್ಸಿಜನ್ ಸೇರಿಸಿಬಿಡುತ್ತವೆ. ಆಗ ಆಗುವುದು ಎಂಡೋಸಲ್ಫಾನ್ ಸಲ್ಫೇಟ್. ಅದೂ ವಿಷವೇ, ಮೂಲಕ್ಕಿಂತ ಹೆಚ್ಚು ಕಾಲ ಉಳಿಯುವ ವಿಷ. ಪರೀಕ್ಷೆಯಲ್ಲಿ ‘ಎಂಡೋಸಲ್ಫಾನ್ ಇಲ್ಲ’ ಎಂದು ಬಂದರೆ ಸಾಲದು, ಸಲ್ಫೇಟನ್ನೂ ಅಳೆಯಬೇಕು.

ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು ಹಳೆಯ ಬಿ.ಎಚ್.ಸಿ. ಪುಡಿಯ ವಿಷಕ್ಕೆ ಬ್ಯಾಕ್ಟೀರಿಯಾಗಳ ಗುಂಪನ್ನೇ ಪಳಗಿಸಿದರು. ವಿಷದ ಪ್ರಮಾಣವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಅವಕ್ಕೆ ರೂಢಿ ಮಾಡಿಸಿದರು.

ಗಾಜಿನ ಫ್ಲಾಸ್ಕಿನಲ್ಲಿ ಆದದ್ದು ರಾಡಿಯಲ್ಲಿ ಅಷ್ಟು ಸುಲಭವಲ್ಲ. ಅಲ್ಲಿ ಗಾಳಿ ಇಲ್ಲ, ವಿಷ ಜೇಡಿಯೊಳಗೆ ಅಡಗಿರುತ್ತದೆ, ಹೊರಗಿನಿಂದ ಬಿಟ್ಟ ಬ್ಯಾಕ್ಟೀರಿಯಾಗಳನ್ನು ಅಲ್ಲಿಯವೇ ಸೋಲಿಸುತ್ತವೆ. ಹಾಗಾಗಿ ಎಷ್ಟೋ ಕಡೆ ಕಲುಷಿತ ಹೂಳನ್ನು ಮೇಲೆತ್ತಿ, ತೇವವಿಟ್ಟು, ಗೊಬ್ಬರ ಬೆರೆಸಿ, ಆಗಾಗ ತಿರುವಿಹಾಕಿ, ಸ್ಥಳೀಯ ಬ್ಯಾಕ್ಟೀರಿಯಾಗಳಿಗೇ ಬಲ ಕೊಡುತ್ತಾರೆ. ತಿಂಗಳುಗಟ್ಟಲೆ ಹಿಡಿಯುವ ಕೆಲಸ.

ದಾದಾ ಪೂರ್ತಿ ಕೇಳಿದರು, ಏನೂ ಹೇಳಲಿಲ್ಲ. ಈ ಸಲ ಹೊಸ ಎಣ್ಣಿಯ ಡಬ್ಬಿಯನ್ನು ಹಳ್ಳಕ್ಕೆ ಒಯ್ಯದೆ ಹೊಲದಲ್ಲೇ ಮೂರು ಸಲ ತೊಳೆದು, ಆ ನೀರನ್ನು ಪಂಪಿಗೇ ಸುರಿದು ತೊಗರಿಗೆ ಹೊಡೆದರು.