ಕಡಲು ಹಿಂದೆ ಸರಿಯುವ ಟೋರ್ನಿಯೊ

ಕಡಲು ಏರಿ ಊರು ನುಂಗುವ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ಫಿನ್ಲೆಂಡಿನ ಉತ್ತರ ಭಾಗದಲ್ಲಿ, ಬೋತ್ನಿಯ ಕೊಲ್ಲಿಯ ನೆತ್ತಿಯಲ್ಲಿರುವ ಟೋರ್ನಿಯೊದಲ್ಲಿ ನಡೆದಿರುವುದು ಇದರ ತಿರುವುಮುರುವು. ಅಲ್ಲಿ ನೆಲವೇ ವರ್ಷಕ್ಕೆ ಏಳೆಂಟು ಮಿಲಿಮೀಟರಿನಷ್ಟು ಮೇಲೇಳುತ್ತಿದೆ.

ಸ್ವೀಡನ್ನಿನ ದೊರೆ ಎರಡನೇ ಗುಸ್ತಾವ್ ಅಡಾಲ್ಫ್ 1621ರಲ್ಲಿ ಈ ಊರಿಗೆ ಪಟ್ಟಣದ ಹಕ್ಕು ಕೊಟ್ಟಾಗ ಅದು ನದೀಮುಖದ ಸುಎನ್‌ಸಾರಿ ಎಂಬ ದ್ವೀಪದ ಮೇಲಿತ್ತು. ಅಲ್ಲಿಂದೀಚೆಗೆ ನೆಲ ಮೂರು ಮೀಟರಿನ ಆಸುಪಾಸು ಎದ್ದಿದೆ. ದ್ವೀಪ ಪಶ್ಚಿಮದ ದಡಕ್ಕೆ ಅಂಟಿಕೊಂಡಿತು. ನೀರಿನ ಆಳ ಕಡಿಮೆಯಾಗಿ ಹಡಗುಗಳು ಊರಿನವರೆಗೆ ಬರಲಾರದೆ ಹೋದವು. ಇಂದಿನ ಬಂದರು ದಕ್ಷಿಣದ ರೊಯ್‌ಟ್ಟಾದಲ್ಲಿದೆ.

ಇದಕ್ಕೆ ಕಾರಣ ಹಿಮಯುಗ. ಸುಮಾರು ಮೂರು ಕಿಲೋಮೀಟರ್ ದಪ್ಪದ ಮಂಜಿನ ಹಾಳೆ ಈ ಭಾಗವನ್ನು ಅದುಮಿ ಕೂತಿತ್ತು. ದಪ್ಪ ಹತ್ತಿಹಾಸಿಗೆಯ ಮೇಲೆ ಇಡೀ ರಾತ್ರಿ ಮಲಗಿದ್ದವರು ಎದ್ದುಹೋದ ಮೇಲೂ ತಗ್ಗು ಥಟ್ಟನೆ ಮಾಯವಾಗುವುದಿಲ್ಲ, ಹತ್ತಿ ನಿಧಾನವಾಗಿ ಉಬ್ಬಿಕೊಳ್ಳುತ್ತದೆ. ಇಲ್ಲಿ ಹತ್ತಿಯ ಜಾಗದಲ್ಲಿರುವುದು ಭೂಮಿಯ ಮ್ಯಾಂಟಲ್. ಬಂಡೆಯೇ ಆದರೂ ಅದು ಸಾವಿರಾರು ವರ್ಷಗಳ ಲೆಕ್ಕದಲ್ಲಿ ಅಂಟುದ್ರವದಂತೆ ಹರಿಯುತ್ತದೆ. ಭಾರ ಬಿದ್ದಾಗ ಪಕ್ಕಕ್ಕೆ ಸರಿದಿದ್ದ ಮ್ಯಾಂಟಲ್ ಈಗ ಮೆಲ್ಲಗೆ ಮರಳುತ್ತಿದೆ. ಮಂಜು ಕರಗಿ ಸುಮಾರು ಹತ್ತು ಸಾವಿರ ವರ್ಷ ಕಳೆದರೂ ಆ ಕೆಲಸ ಮುಗಿದಿಲ್ಲ.

ಕಾರಣ ಹೊಳೆಯಲು ಬಹಳ ಕಾಲವೇ ಹಿಡಿಯಿತು. ಉಷ್ಣಮಾಪಕದಿಂದ ಹೆಸರಾದ ಆಂಡರ್ಸ್ ಸೆಲ್ಸಿಯಸ್ 1731ರಲ್ಲಿ ಬಾಲ್ಟಿಕ್ ದಡದ ಬಂಡೆಯೊಂದರ ಮೇಲೆ ನೀರಿನ ಮಟ್ಟದ ಗುರುತು ಕೆತ್ತಿಸಿದ. ಅವನ ತೀರ್ಮಾನ, ಕಡಲ ನೀರೇ ಕಡಿಮೆಯಾಗುತ್ತಿದೆ ಎಂದು. 1736ರಲ್ಲಿ ಅವನು ಫ್ರೆಂಚ್ ವಿಜ್ಞಾನಿ ಮೊಪರ್ಟುಯಿ ತಂಡದ ಜೊತೆ ಟೋರ್ನಿಯೊಕ್ಕೇ ಬಂದ. ಊರಿನ ಚರ್ಚಿನ ಗೋಪುರದಿಂದ ಉತ್ತರದ ಕಿಟ್ಟಿಸ್‌ವಾರ ಬೆಟ್ಟದವರೆಗೆ ಅವರು ಭೂಮಿಯ ಬಾಗನ್ನು ಅಳೆದರು. ಹೆಪ್ಪುಗಟ್ಟಿದ ನದಿಯ ಮೇಲೆ, ಡಿಸೆಂಬರಿನ ಕೊರೆವ ಚಳಿಯಲ್ಲಿ, ಆಧಾರರೇಖೆ ಎಳೆದರು. ಭೂಮಿ ಧ್ರುವಗಳಲ್ಲಿ ಚಪ್ಪಟೆ ಎಂಬ ನ್ಯೂಟನ್ನನ ಮಾತು ಗೆದ್ದಿತು. ನೆಲದ ಏರಿಕೆಗೆ ಹಿಮದ ಭಾರವೇ ಕಾರಣವೆಂದು ಸ್ಕಾಟ್ಲೆಂಡಿನ ಥಾಮಸ್ ಜೇಮಿಸನ್ ಸೂಚಿಸಿದ್ದು 1865ರಲ್ಲಿ.

1809ರಲ್ಲಿ ಸ್ವೀಡನ್ ಫಿನ್ಲೆಂಡನ್ನು ರಷ್ಯಾಕ್ಕೆ ಬಿಟ್ಟುಕೊಟ್ಟಾಗ ನದಿಯೇ ಗಡಿಯಾಯಿತು. ಮುಖ್ಯ ಹರಿವಿನ ಪಶ್ಚಿಮಕ್ಕಿದ್ದರೂ ಟೋರ್ನಿಯೊ ರಷ್ಯಾದ ಪಾಲಾಯಿತು. ಕಳೆದುಕೊಂಡ ಪೇಟೆಗೆ ಬದಲಾಗಿ ಸ್ವೀಡನ್ ಪಕ್ಕದಲ್ಲೇ ಹಪರಂಡ ಪಟ್ಟಣವನ್ನು ಬೆಳೆಸಿತು. ಈಗ ಎರಡೂ ಊರು ಒಂದಕ್ಕೊಂದು ತಾಗಿಕೊಂಡಿವೆ. ಗಡಿಯಾರದಲ್ಲಿ ಮಾತ್ರ ಒಂದು ಗಂಟೆಯ ಅಂತರ.

ಟೋರ್ನಿಯೊದ ಜನಸಂಖ್ಯೆ ಸುಮಾರು 21 ಸಾವಿರ, ಹೆಚ್ಚುಕಡಿಮೆ ಎಲ್ಲರದೂ ಫಿನ್ನಿಶ್ ಮನೆಮಾತು. ಹರಡಿಕೊಂಡಿರುವ ನೆಲವೋ ಸುಮಾರು 1,200 ಚದರ ಕಿಲೋಮೀಟರ್. ಹೆಚ್ಚಿನ ಜನ ನದಿಯ ದಂಡೆಯಲ್ಲೇ ನೆಲೆಸಿದ್ದಾರೆ. ನೆರೆಯ ಕೆಮಿನ್‌ಮಾದ ಕ್ರೋಮೈಟ್ ಅದಿರನ್ನು ನಂಬಿ ಎದ್ದ ಸ್ಟೇನ್‌ಲೆಸ್ ಸ್ಟೀಲ್ ಕಾರ್ಖಾನೆ ಊರಿನ ದೊಡ್ಡ ಆಸರೆ.

ಇಂಥ ಊರುಗಳನ್ನು ತೋರಿಸಿ ಸಮುದ್ರಮಟ್ಟದ ಏರಿಕೆ ಬರೀ ಹುಯಿಲು ಎನ್ನುವವರಿದ್ದಾರೆ. ಅದು ತಪ್ಪು. ಜಗತ್ತಿನ ಕಡಲಮಟ್ಟ ಈಗ ವರ್ಷಕ್ಕೆ ಮೂರು ಮಿಲಿಮೀಟರಿಗೂ ಹೆಚ್ಚು ಏರುತ್ತಿದೆ. ಟೋರ್ನಿಯೊದಲ್ಲಿ ಸದ್ಯಕ್ಕೆ ನೆಲದ್ದೇ ಮೇಲುಗೈ, ಅಷ್ಟೇ. ಹಿಮಯುಗದ ಆ ಹೊರೆಯನ್ನೇ ಕಾಣದ ಮಂಗಳೂರು, ಕಾರವಾರಗಳ ತೀರಕ್ಕೆ ಅಂಥ ರಕ್ಷಣೆ ಇಲ್ಲ. ನಮ್ಮ ಕರಾವಳಿಯ ಯೋಜನೆಗಳು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.